ತಂತ್ರಾಂಶದ ಒಳಮನೆಗೆ ಬೀಗ

ವೋಲ್ಟ್‌ಮೀಟರನ್ನು ವಿದ್ಯುನ್ಮಂಡಲಕ್ಕೆ ಜೋಡಿಸುವ ವಿದ್ಯಾರ್ಥಿಯು ಅದರ ಹೊರಗಿನ ಎರಡು ತಿರುಪುಗಳನ್ನಷ್ಟೇ ಮುಟ್ಟುತ್ತಾನೆ. ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಸುರುಳಿಗೇ ತಂತಿ ಬೆಸೆಯುವವನನ್ನು ನಾವು ಜಾಣನೆನ್ನುವುದಿಲ್ಲ. ಆದರೆ ಗಣಕಕ್ಕೆ ಪ್ರೋಗ್ರಾಮು ಬರೆಯುವಾಗ ಇದೇ ಕೆಲಸವನ್ನು ಹಿಂದುಮುಂದು ನೋಡದೆ ಮಾಡುತ್ತೇವೆ.

ತಂತ್ರಾಂಶದ ಪ್ಯಾಕೇಜಿಗೂ ಇಂತಹ ತಿರುಪುಗಳುಂಟು. ಇತರರ ಬಳಕೆಗೆಂದು ಅದರ ಕರ್ತೃಗಳು ಪ್ರಕಟಿಸಿದ ಕಾರ್ಯಗಳ ಸಮೂಹಕ್ಕೆ ಇಂಟರ್‌ಫೇಸ್ ಎಂದು ಹೆಸರು. ಉಳಿದುದೆಲ್ಲ ಒಳಮನೆ, ಅದನ್ನು ಅವರು ಯಾವಾಗ ಬೇಕಾದರೂ ಬದಲಾಯಿಸಬಹುದು. ಬದಲಾಗುವ ಸಂಭವವುಳ್ಳ ನಿರ್ಧಾರಗಳನ್ನು ಆಯಾ ಘಟಕದೊಳಗೇ ಮುಚ್ಚಿಡಬೇಕೆಂದು ಡೇವಿಡ್ ಪಾರ್ನಾಸ್ 1972ರಲ್ಲಿಯೇ ವಾದಿಸಿದ್ದರು.

ಪೈಥಾನ್ ಭಾಷೆಯಲ್ಲಿ ಈ ಒಳಮನೆಗೆ ಬಾಗಿಲಿದೆ, ಬೀಗವಿಲ್ಲ. ಹೆಸರಿನ ಮೊದಲಿಗೆ ಅಡಿಗೆರೆಯಿದ್ದರೆ ‘ಮುಟ್ಟಬೇಡಿರಿ’ ಎಂದರ್ಥ, ಮುಟ್ಟಿದರೆ ತಡೆಯುವವರಿಲ್ಲ. ನಾವೂ ಮುಟ್ಟಿದೆವು. ಒಂದು ಪ್ಯಾಕೇಜಿನ ಅಂತಹ ಕಾರ್ಯವನ್ನು ನಂಬಿ, ಲೋಲಕದ ಪ್ರಯೋಗಕ್ಕಾಗಿ ಬರೆದ ಪ್ರೋಗ್ರಾಮು ಎರಡು ವರ್ಷ ನೆಟ್ಟಗೆ ನಡೆಯಿತು. ಪ್ಯಾಕೇಜಿನ ಹೊಸ ಆವೃತ್ತಿಯನ್ನು ಹಾಕಿದೊಡನೆ, ಅದೂ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ, ನಿಂತುಹೋಯಿತು! ತಪ್ಪು ಪ್ಯಾಕೇಜಿನವರದಲ್ಲ, ನಮ್ಮದೇ.

ಅಡಿಗೆರೆಯಿಲ್ಲದಿದ್ದರಂತೂ ಎಲ್ಲರೂ ನುಗ್ಗುತ್ತಾರೆ. ನಮ್‌ಪೈ ಪ್ಯಾಕೇಜಿನ ‘ಕೋರ್’ ಎಂಬ ಭಾಗವನ್ನು ಜನರು ಸಲೀಸಾಗಿ ಬಳಸುತ್ತಿದ್ದರು. 2024ರ ಜೂನ್ ತಿಂಗಳಿನಲ್ಲಿ ಹೊರಬಂದ 2.0 ಆವೃತ್ತಿಯು ಆ ಹೆಸರಿಗೂ ಅಡಿಗೆರೆ ಹಚ್ಚಬೇಕಾಯಿತು.

ಜಾವಾ ಭಾಷೆಯವರು ಬೀಗವನ್ನೇ ಹಾಕಿದರು. 2017ರ ಜಾವಾ 9ರಿಂದ, ಹೊರಗೆ ಕೊಡುವೆನೆಂದು ಮಾಡ್ಯೂಲು ಘೋಷಿಸದ ಪ್ಯಾಕೇಜನ್ನು ಇತರ ಮಾಡ್ಯೂಲುಗಳು ಬಳಸುವಂತಿಲ್ಲ. ಹಳೆಯ ಪ್ರೋಗ್ರಾಮುಗಳ ಮೇಲಣ ಕನಿಕರದಿಂದ, ಜಾವಾದ ಸ್ವಂತ ಒಳಭಾಗಗಳ ಮಟ್ಟಿಗೆ ಕೆಲಕಾಲ ಸಡಿಲಬಿಟ್ಟು, 2021ರ ಜಾವಾ 17ರ ವೇಳೆಗೆ ಬಿಗಿಮಾಡಿದರು. ಬೇಕೇಬೇಕೆನ್ನುವವರು ಪ್ರೋಗ್ರಾಮನ್ನು ನಡೆಸುವಾಗ ಇಂತಹ ಭಾಗ ಬೇಕೆಂದು ಹೆಸರಿಸಿ ತೆರೆಸಿಕೊಳ್ಳಬಹುದು. ಈ ಏರ್ಪಾಡೇ ನಮಗೆ ಮೆಚ್ಚುಗೆ. ಯಾರು ಎಲ್ಲಿ ಒಳಹೊಕ್ಕಿದ್ದಾರೆಂಬುದು ಬರಹದಲ್ಲಿ ಉಳಿಯುತ್ತದೆ. ಮುಂದೆ ಕೆಟ್ಟಾಗ ಹುಡುಕಬೇಕಾದ ಸ್ಥಳವೂ ತಿಳಿದಿರುತ್ತದೆ.

ಬೀಗವೆಂದರೆ ಜ್ಞಾನಕ್ಕೆ ಅಡ್ಡಿಯಲ್ಲವೆ ಎಂದು ಕೆಲವರು ಕೇಳುವರು. ಅಲ್ಲ. ನಮ್‌ಪೈ ಹಾಗೂ ಓಪನ್‌ಜೆಡಿಕೆಗಳ ಮೂಲಬರಹ ಎಲ್ಲರಿಗೂ ತೆರೆದಿದೆ. ವಿದ್ಯಾರ್ಥಿಗಳು ಅದನ್ನು ಓದಲೇಬೇಕು. ಓದುವುದು ಬೇರೆ, ಅದಕ್ಕೆ ಆತುಕೊಳ್ಳುವುದು ಬೇರೆ. ಹೊರಗಿನ ಕಾರ್ಯಗಳು ನಿಜವಾಗಿಯೂ ಸಾಲದಿದ್ದರೆ ಕರ್ತೃಗಳಿಗೆ ಬರೆದು ಕೇಳಬಹುದು. ನಮ್ಮ ಲೋಲಕಕ್ಕೆ ಅದೂ ಬೇಕಾಗಿರಲಿಲ್ಲ: ಪ್ರಕಟಿತ ಕಾರ್ಯವೊಂದರಿಂದಲೇ ಕೆಲಸ ಆಗುತ್ತಿತ್ತು, ಎರಡು ಸಾಲು ಹೆಚ್ಚು ಬರೆಯಬೇಕಿತ್ತು, ಅಷ್ಟೆ.