ಮೊದಲನೇ ಮಷೀನಿಗೆ ಸಾಲ, ಎರಡನೇದಕ್ಕೆ ಬೀಗ



ದಲಿತರು ಉದ್ಯಮಿಗಳಾಗಬೇಕು ಎಂದು ಭಾಷಣ ಬಿಗಿಯುವವರು ಈಗ ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಆಗಬೇಕು, ಸರಿ. ಎಷ್ಟು ಬೆಳೆಯಬೇಕು ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾವು ಕೇಳುತ್ತೇವೆ.

2016ರ ಏಪ್ರಿಲ್ 5ರಂದು ಕೇಂದ್ರ ಸರ್ಕಾರ ಸ್ಟ್ಯಾಂಡ್ ಅಪ್ ಇಂಡಿಯಾ ಎಂಬ ಯೋಜನೆ ತಂದಿತು. ಪ್ರತಿ ಬ್ಯಾಂಕ್ ಶಾಖೆ ಕನಿಷ್ಠ ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ, ಕನಿಷ್ಠ ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಎಂದಿತು. ಶಾಖೆಗೊಬ್ಬ! ಅದನ್ನೇ ಡಂಗುರ ಹೊಡೆದರು. ಒಳಗಿನ ಷರತ್ತು ನೋಡಿ: ಸಾಲ ಸಿಕ್ಕುವುದು ಹೊಸ ಉದ್ಯಮಕ್ಕೆ, ಅದೂ ಆ ಮನುಷ್ಯನ ಮೊದಲ ಉದ್ಯಮಕ್ಕೆ ಮಾತ್ರ. ಐದಾರು ವರ್ಷ ಬೆವರು ಸುರಿಸಿ ಶೆಡ್ಡು ನಿಲ್ಲಿಸಿಕೊಂಡವನು ಎರಡನೇ ಮಷೀನು ಬೇಕು ಅಂತ ಹೋದರೆ ಈ ಯೋಜನೆ ನಿನಗಲ್ಲಪ್ಪ ಅಂತಾರೆ. 2025ರ ಮಾರ್ಚಿಗೆ ಅದರ ಅವಧಿ ಮುಗಿಯಿತು. ಅದೇ ವರ್ಷದ ಬಜೆಟ್ಟಿನಲ್ಲಿ ಘೋಷಿಸಿದ 2 ಕೋಟಿವರೆಗಿನ ಸಾಲವೂ ಮೊದಲ ಬಾರಿಯ ಉದ್ಯಮಿಗಳಿಗೇ. ನಾವು ಯಾವಾಗಲೂ ಶುರು ಮಾಡುತ್ತಲೇ ಇರಬೇಕು, ಬೆಳೆಯಬಾರದು. ಇದು ಯಾವ ನ್ಯಾಯ?

ಕಬ್ಬಿಣ ಬೆಸೆಯುವ ಕಸುಬು ಹೊಸಪೇಟೆಗೆ ಹೊಸದಲ್ಲ. ಅಣೆಕಟ್ಟುಗಳ ಗೇಟು ಮಾಡುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು 2015ರಲ್ಲಿ ಕೇಂದ್ರ ಸಂಪುಟ ಒಪ್ಪಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಅಡ್ಡಲಾಗಿ ಇಳಿಸುವ ಉಕ್ಕಿನ ಹಲಗೆಗಳನ್ನು ತಯಾರಿಸಲು ಈ ಸುತ್ತಿನ ಖಾಸಗಿ ಘಟಕಗಳೇ ಬೇಕಾದವು. ಕೈಕಸುಬು ಊರಲ್ಲೇ ಉಳಿದಿದೆ. ವೆಲ್ಡಿಂಗ್ ಹೊಗೆ ಕುಡಿದು ಕಣ್ಣು ಕೆಂಪು ಮಾಡಿಕೊಳ್ಳುವವರಲ್ಲಿ ನಮ್ಮ ಹುಡುಗರಿದ್ದಾರೆ. ಶೆಡ್ಡಿನ ಮಾಲೀಕರಲ್ಲಿ ನಮ್ಮವರು ಎಷ್ಟು ಮಂದಿ? ಬೆರಳು ಮಡಚಿ ಎಣಿಸಿ.

ಬೆಳೆಯುವವನಿಗೂ ಕಾಗದದಲ್ಲಿ ಒಂದು ದಾರಿ ಇದೆ. 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ ಸಣ್ಣ ಉದ್ಯಮಗಳ ಸಾಲಕ್ಕೆ ಜಾಮೀನು ನಿಲ್ಲುವ ಒಂದು ಟ್ರಸ್ಟು ಕಟ್ಟಿದವು. ಸಾಲಗಾರ ಕಟ್ಟಲಾಗದೆ ಹೋದರೆ ಬ್ಯಾಂಕಿನ ನಷ್ಟದ ದೊಡ್ಡ ಪಾಲನ್ನು ಟ್ರಸ್ಟು ತುಂಬಿಕೊಡುತ್ತದೆ. ಹಳೇ ಘಟಕದ ವಿಸ್ತರಣೆಗೂ ಇದು ಸಲ್ಲುತ್ತದೆ. ಪರಿಶಿಷ್ಟರ ಘಟಕಕ್ಕೆ ಈ ರಕ್ಷಣೆಯನ್ನು ನೂರಕ್ಕೆ 85ಕ್ಕೆ ಏರಿಸಿದರು. ಲೆಕ್ಕ ಹಾಕಿ: ಶೀಟು ಕತ್ತರಿಸುವ, ಮಡಚುವ ಮಷೀನಿಗೆ 20 ಲಕ್ಷ ಸಾಲ ಅಂದರೆ 17 ಲಕ್ಷಕ್ಕೆ ಟ್ರಸ್ಟು ಹೊಣೆ, ಬ್ಯಾಂಕಿನ ತಲೆ ಮೇಲೆ 3 ಲಕ್ಷ. ಹಾಗಂತ ಸಾಲಗಾರ ತೀರಿಸಬೇಕಿಲ್ಲ ಅಂತ ಯಾರೂ ತಿಳಿಯಬೇಡಿ. ಟ್ರಸ್ಟು ಕಾಯುವುದು ಬ್ಯಾಂಕನ್ನು, ನಮ್ಮನ್ನಲ್ಲ. ಅದರ ಫೀಸೂ ಬಹುಮಟ್ಟಿಗೆ ಬೀಳುವುದು ನಮ್ಮ ಮೇಲೆಯೇ.

ಇಷ್ಟಾದ ಮೇಲೂ ಕೌಂಟರಿನ ಆಚೆಯಿಂದ ಬರುವ ಮಾತೇನು? "ಹೊಲಾ ಎಷ್ಟೈತಿ? ಮನಿ ಯಾರ ಹೆಸರಿನ್ಯಾಗೈತಿ?" 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಆಸ್ತಿ ಅಡವು ಕೇಳಕೂಡದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಕಡ್ಡಾಯ ಮಾಡಿತು. ಅದಕ್ಕೂ ಮೇಲಿನ ಸಾಲಕ್ಕೆ ಟ್ರಸ್ಟಿನ ಜಾಮೀನು ಹಾಕುವುದೋ ಆಸ್ತಿ ಕೇಳುವುದೋ ಎಂಬುದನ್ನು ಆಗ ಬ್ಯಾಂಕಿನ ಮರ್ಜಿಗೇ ಬಿಟ್ಟರು. ತಲೆತಲಾಂತರ ಹೊಲ ಕೊಡದೆ ಊರಾಚೆ ಇಟ್ಟು, ಈಗ ಹೊಲದ ಪತ್ರ ತಾ ಅನ್ನುವುದು ಜಾತಿ ಕೇಳುವ ಇನ್ನೊಂದು ರೀತಿ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಾಕಿದ ಕೈಗೆ ಗದ್ದೆಯ ಪಹಣಿ ಎಲ್ಲಿಂದ ಬರಬೇಕು? ಹಂಪಿಯ ಕಡೆಯವರ ಪಾಡು ಇನ್ನೊಂದು. ತುಂಡು ಜಾಗ ಇದ್ದರೂ ಶೆಡ್ಡು ಎಬ್ಬಿಸಲು ಹಂಪಿ ಪ್ರಾಧಿಕಾರದ ಅಪ್ಪಣೆ ಬೇಕು.

ಈಗ ದೊಡ್ಡವರ ಲೆಕ್ಕ. 2014-15ರಿಂದ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು ಪುಸ್ತಕದಿಂದ ತೆಗೆದ ವಸೂಲಾಗದ ಸಾಲ 14.56 ಲಕ್ಷ ಕೋಟಿ ಎಂದು 2023ರಲ್ಲಿ ಸರ್ಕಾರವೇ ಸಂಸತ್ತಿಗೆ ಹೇಳಿತು. ಅದರಲ್ಲಿ ದೊಡ್ಡ ಕೈಗಾರಿಕೆ, ಸೇವಾವಲಯದ್ದೇ 7.40 ಲಕ್ಷ ಕೋಟಿ. ಇದು ಮನ್ನಾ ಅಲ್ಲ, ವಸೂಲಿ ನಡೆದೇ ಇರುತ್ತದೆ ಅಂತಾರೆ. ಇರಲಿ. ಸಂಡೂರಿನ ಗುಡ್ಡ ಕರಗಿದ್ದನ್ನು 2011ರ ಲೋಕಾಯುಕ್ತ ವರದಿಯಲ್ಲಿ ಓದಿದ ನಮಗೆ ದೊಡ್ಡವರ ಮೇಲಿನ ಈ ನಂಬಿಕೆ ಕಂಡು ನಗು ಬರುತ್ತದೆ. ನಮ್ಮವನ 3 ಲಕ್ಷಕ್ಕೆ ನಡುಗುವ ಬ್ಯಾಂಕಿಗೆ ಆಗ ಚಳಿ ಬರಲಿಲ್ಲವೇ?

ಇಲ್ಲಿ ನಮ್ಮವರಿಗೂ ಒಂದು ಮಾತು. ಪರಿಶಿಷ್ಟರ ಘಟಕ ಅನ್ನಿಸಿಕೊಳ್ಳಲು ನೂರಕ್ಕೆ 51 ಪಾಲು ನಮ್ಮದಿರಬೇಕು. ಹೆಸರಿಗೆ 51 ಬರೆಸಿಕೊಂಡು ಗಲ್ಲಾ ಮೇಲೆ ಸಾಹುಕಾರನನ್ನು ಕೂರಿಸುವವನು ಉದ್ಯಮಿ ಅಲ್ಲ, ಹೊಸ ಜೀತಗಾರ. ಸಾಲ ಮುಳುಗಿದರೆ ನೋಟೀಸು ಬರುವುದು ಕೇರಿಗೆ.

ಚಳವಳಿಯವರಿಗೆ ಫ್ಯಾಕ್ಟರಿ ಯಾಕೆ, ಬಂಡವಾಳಶಾಹಿ ಆಗ್ತೀರಾ ಅಂತ ಕೆಲವರು ಕುಟುಕುತ್ತಾರೆ. ಮೂಲ ಕೈಗಾರಿಕೆಗಳು ಸರ್ಕಾರದ ಕೈಯಲ್ಲಿರಬೇಕು ಎಂದು ಬಾಬಾಸಾಹೇಬರು 1947ರಲ್ಲೇ ಬರೆದುಕೊಟ್ಟರು. ಅದನ್ನು ಕೇಳದೆ ಕಾರ್ಖಾನೆ ಮುಚ್ಚಿದವರು ನಾವಲ್ಲ. ಮುಚ್ಚಿದ ಗೇಟಿನ ಮುಂದೆ ನಿಂತ ಹುಡುಗನಿಗೆ ಸಿದ್ಧಾಂತ ಹೇಳುವ ಮೊದಲು ಮಷೀನು ಕೊಡಿಸಿ.

ಅದಕ್ಕೆ ಈ ಕೆಲಸ ಮಾಡೋಣ. ಒಬ್ಬರೇ ಬ್ಯಾಂಕಿಗೆ ಹೋಗಬೇಡಿ, ಇಬ್ಬರು ಮೂವರು ಹೋಗಿ. ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ಇಸಿದುಕೊಳ್ಳಿ. ಪರಿಶಿಷ್ಟರ ಸಾಲದ ಅರ್ಜಿಯನ್ನು ಶಾಖೆಯಲ್ಲೇ ತಿರಸ್ಕರಿಸುವಂತಿಲ್ಲ, ಮೇಲಿನ ಹಂತದಲ್ಲಿ ತೀರ್ಮಾನವಾಗಬೇಕು, ಕಾರಣ ಸ್ಪಷ್ಟವಾಗಿ ಬರೆಯಬೇಕು ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತದೆ. "ಆಗಲ್ರೀ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಎದ್ದು ಬರಬೇಡಿ. ಬರೆದು ಕೊಡ್ರಿ ಅನ್ನಿ. ಆ ಕಾಗದದ ನಕಲನ್ನು ಮುಂದಿನ ಸಭೆಗೆ ತನ್ನಿ. ಹೊಸಪೇಟೆ, ಕಂಪ್ಲಿ, ಸಂಡೂರಿನ ಕಾಗದಗಳನ್ನೆಲ್ಲ ಒಟ್ಟುಗೂಡಿಸಿ ವಿಜಯನಗರ, ಬಳ್ಳಾರಿ ಎರಡೂ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ.