ನೋಟೀಸು ಅಂಟಿಸಿದರೆ ಕೇರಿಗೆ ಕೇಳಿಸೀತೆ?



ಬೇಸಿಗೆ ರಜೆಗೆ ಹಾಸ್ಟೆಲ್ಲು ಬಾಗಿಲು ಹಾಕುತ್ತದೆ, ನಾವು ಗಂಟುಮೂಟೆ ಕಟ್ಟಿ ಊರಿಗೆ ಹೋಗುತ್ತೇವೆ. ಈ ಸಲ ಹೋದವರು ಪಂಚಾಯತಿ ಗೋಡೆ ನೋಡಿ. ಮಕ್ಕಳಿಗೆ ಉಚಿತ ಬೇಸಿಗೆ ಶಿಬಿರ ಅಂತ ನೋಟೀಸು ಇದ್ದರೆ, ಕೇರಿಯಲ್ಲಿ ಅದು ಎಷ್ಟು ಜನಕ್ಕೆ ಗೊತ್ತು ಕೇಳಿ.

ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತಿ ಕೈಗೆ ಬಂದವು, ಆಮೇಲೆ ಅರಿವು ಕೇಂದ್ರ ಅಂತ ಹೆಸರಾಯಿತು. 2023ರ ಬೇಸಿಗೆಯಲ್ಲಿ ಅಲ್ಲಿ ಮಕ್ಕಳ ಶಿಬಿರ ನಡೆದವು. ಕತೆ, ಹಾಡು, ಆಟ. ಬಿಡಿಗಾಸು ಖರ್ಚಿಲ್ಲ. ಪೇಟೆಯಲ್ಲಿ ಇದಕ್ಕೇ ಸಾವಿರಗಟ್ಟಲೆ ಫೀಜು. ಒಳ್ಳೇ ಕೆಲಸ, ಹೀಗಳೆಯೋದಿಲ್ಲ. ಆದರೆ ಮಕ್ಕಳು ಬರದಿದ್ದಾಗ ಒಂದು ಮಾತು ಹೇಳುತ್ತಾರಲ್ಲ, 'ನಿಮ್ಮೋರೇ ಕಳಿಸಲ್ಲ ಕಣ್ರೀ' ಅಂತ, ಅದಕ್ಕೆ ಉತ್ತರ ಕೊಡಬೇಕು.

ಹೇಗೆ ಕಳಿಸೋದು ಸ್ವಾಮಿ? ಶಿಬಿರ ಹತ್ತು ಗಂಟೆಗೆ. ಅವ್ವ ಹೊತ್ತು ಮೂಡೋ ಮುಂಚೆ ಕೂಲಿಗೆ ಹೋಗಿರುತ್ತಾಳೆ. ನಾಲ್ಕನೇ ಕ್ಲಾಸಿನ ಹುಡುಗಿಯ ಕಂಕುಳಲ್ಲಿ ತಮ್ಮ ಇದ್ದಾನೆ. ಕೂಸುಗಳಿಗೆ ಪ್ರವೇಶ ಇಲ್ಲ ಅಂದರೆ ಅವಳಿಗೂ ಇಲ್ಲ. ಗ್ರಂಥಾಲಯ ಮೇಲಿನ ಬೀದಿಯಲ್ಲಿ, ಗುಡಿ ಪಕ್ಕ. ಆ ಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆದವರ ಮೊಮ್ಮಗಳು ಅವಳು. 'ಎಲ್ಲರಿಗೂ ಸ್ವಾಗತ' ಅಂತ ಬರೆದ ಮಾತ್ರಕ್ಕೆ ಕಾಲು ಎದ್ದೀತೆ? ಇನ್ನು 'ಉಚಿತ' ಅಂದರೇ ನಮ್ಮ ಹಿರೀಕರಿಗೆ ಅನುಮಾನ. ಪುಕ್ಕಟೆ ಕೊಟ್ಟವರು ಆಮೇಲೆ ಬಿಟ್ಟಿ ದುಡಿಸಿಕೊಂಡಿದ್ದು ಅವರು ಮರೆತಿಲ್ಲ.

ಹೊಟ್ಟೆ ಮಾತು ಬೇರೆ ಇದೆ. ಶಾಲೆ ಬಾಗಿಲು ಹಾಕಿದರೆ ಬಿಸಿಯೂಟವೂ ನಿಲ್ಲುತ್ತದೆ. ಬರ ಬಿದ್ದ ಕಡೆ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟು 2004ರ ಏಪ್ರಿಲ್ 20ರಂದೇ ಹೇಳಿದೆ. (ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಅಂತಲೂ ಅದೇ ಆದೇಶದಲ್ಲಿದೆ, ನೆನಪಿಟ್ಟುಕೊಳ್ಳಿ.) 2024ರಲ್ಲಿ ನಮ್ಮ ರಾಜ್ಯದ 223 ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯ 41 ದಿನ ಊಟ ಕೊಡಲು ಸರ್ಕಾರ ತೀರ್ಮಾನಿಸಿತು. ಬರ ಬಂದರೆ ಊಟ! ಮಳೆಯಾದ ವರ್ಷ ಕೂಲಿಯವರ ಮಕ್ಕಳಿಗೆ ಹಸಿವಾಗೋದಿಲ್ಲವೇ? ಶಿಬಿರ ನಡೆಯೋ ಕಡೆಯೇ ಒಲೆ ಹೊತ್ತಿಸಲಿ, ಆಮೇಲೆ ಯಾರು ಕಳಿಸಲ್ಲ ನೋಡೋಣ.

ಅಲ್ಲೀವರೆಗೆ ನಾವೇ ಪ್ರಚಾರ. ಕೂಲಿಯಿಂದ ಜನ ಬಂದ ಮೇಲೆ, ಸಂಜೆ, ಮನೆಮನೆಗೆ ಹೋಗಿ. ಭಾಷಣ ಬೇಡ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕರೆದೊಯ್ಯುತ್ತಾರೆ, ಯಾರು ತಂದು ಬಿಡುತ್ತಾರೆ, ಇಷ್ಟು ಹೇಳಿ. ಓದು ಬಾರದ ಅವ್ವನ ಕೈಗೆ ಕರಪತ್ರ ತುರುಕಿ ಬರಬೇಡಿ. 'ಬಡಮಕ್ಕಳಿಗಾಗಿ' ಅಂತ ಕೂಗಲೂ ಬೇಡಿ, ಆಡೋಕೆ ಹೋಗುವ ಮಗುವಿಗೆ ಆ ಹಣೆಪಟ್ಟಿ ಯಾಕೆ? ಬೆಳಿಗ್ಗೆ ಕೇರಿ ಬಾಯಲ್ಲಿ ನಿಂತು ಹತ್ತು ಮಕ್ಕಳನ್ನು ಒಟ್ಟಿಗೆ ಮೇಲಿನ ಬೀದಿಯಲ್ಲಿ ನಡೆಸಿಕೊಂಡು ಹೋಗಿ. ಕಂಕುಳ ಕೂಸನ್ನು ನೀವು ಎತ್ತಿಕೊಳ್ಳಿ. ಅಲ್ಲಿ ಬೇರೆ ಕೂರಿಸಿದರೆ, ಬೇರೆ ಲೋಟ ಇಟ್ಟರೆ ಅಲ್ಲೇ ಕೇಳಿ, ಪಂಚಾಯತಿಗೆ ದೂರು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಶಿಬಿರವೇ ಇಲ್ಲದ ಊರಿನವರು ರಜೆ ಶುರುವಾಗೋ ಮುಂಚೆಯೇ ಅರ್ಜಿ ಹಾಕಿ, ಕೇರಿಯ ಹೆಣ್ಣುಮಕ್ಕಳ ಸಹಿ, ಹೆಬ್ಬೆಟ್ಟು ಮೊದಲು ಇರಲಿ.