ಸೂಜಿಗೆ ಮುಂಚೆ ಪರೀಕ್ಷೆ, ಅದೂ ಇಬ್ಬರಿಗೂ!



ಬಸ್ ನಿಲ್ದಾಣದ ಗೋಡೆ ಮೇಲೆ, ಆಟೋ ಬೆನ್ನ ಮೇಲೆ, ಮೊಬೈಲ್ ವಿಡಿಯೊದಲ್ಲಿ ಎಲ್ಲೆಲ್ಲೂ ಅದೇ ಮಾತು: 'ಮಾತ್ರೆ ಬೇಡ, ಆಪರೇಷನ್ ಬೇಡ, ಅಕ್ಯುಪಂಕ್ಚರ್‌ನಿಂದ ಸಂತಾನ ಭಾಗ್ಯ.' ಅದನ್ನು ನಂಬಿ ನಾನು ಹದಿನಾಲ್ಕು ತಿಂಗಳು ಕಳೆದುಕೊಂಡೆ. ನೀವು ಕಳೆದುಕೊಳ್ಳಬಾರದು ಎಂದೇ ಈ ಕರಪತ್ರ ಹಂಚುತ್ತಿದ್ದೇನೆ.

ಆಗ ನನಗೆ 33 ವರ್ಷ, ಮದುವೆಯಾಗಿ ಆರು ವರ್ಷ. ಸೀಮಂತದ ಮನೆಯಲ್ಲಿ ಮಡಿಲು ತುಂಬುವಾಗ ನನ್ನನ್ನು ಯಾರೂ ಮುಂದಕ್ಕೆ ಕರೆಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ 'ಖಂಡಿತ ಆಗುತ್ತೆ ಕಣಮ್ಮ' ಎಂದವರ ಬಾಗಿಲಿಗೆ ವಾರಕ್ಕೆ ಎರಡು ಸಲ ಹೋದೆ. ಕೂದಲೆಳೆಯಷ್ಟು ಸಣ್ಣ ಸೂಜಿಗಳು. ಹೊಕ್ಕುಳ ಕೆಳಗೆ, ಮೊಣಕಾಲ ಕೆಳಗೆ, ಕಾಲ್ಗಂಟಿನ ಮೇಲೆ. ಇರುವೆ ಕಚ್ಚಿದಷ್ಟು ನೋವು, ಅಷ್ಟೇ. ಫ್ಯಾನಿನ ಕೆಳಗೆ ಅರ್ಧ ಗಂಟೆ ಅಲುಗಾಡದೆ ಮಲಗಿದರೆ ನಿದ್ದೆ ಹತ್ತುತ್ತಿತ್ತು. ಸುಳ್ಳು ಹೇಳಲಾರೆ, ಅಂಥ ನಿದ್ದೆ ಮನೆಯಲ್ಲಿ ಸಿಗುತ್ತಿರಲಿಲ್ಲ. ಪ್ರತಿ ಸಲ ಮುಟ್ಟಾದಾಗಲೂ 'ಇನ್ನೊಂದು ಹತ್ತು ಸಿಟ್ಟಿಂಗ್ ಆಗಲಿ' ಎನ್ನುತ್ತಿದ್ದರು.

ಅಷ್ಟೂ ತಿಂಗಳಲ್ಲಿ ನನ್ನ ಗಂಡನನ್ನು ಪರೀಕ್ಷೆ ಮಾಡಿಸಿ ಎಂದು ಒಬ್ಬರೂ ಹೇಳಲಿಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮೊದಲ ದಿನವೇ ಇಬ್ಬರಿಗೂ ಚೀಟಿ ಬರೆದರು. ವೀರ್ಯಾಣುಗಳ ಎಣಿಕೆ ತೀರಾ ಕಡಿಮೆ ಎಂದು ಬಂತು. ತೊಂದರೆ ಇದ್ದದ್ದು ಅವರಲ್ಲಿ, ಚುಚ್ಚಿಸಿಕೊಂಡವಳು ನಾನು. ಈಗ ನನಗೆ 35. ಚಿಕಿತ್ಸೆ ನಡೆಯುತ್ತಿದೆ.

ಅಕ್ಯುಪಂಕ್ಚರ್ ಎಂಬ ವಿದ್ಯೆಯನ್ನು ನಾನು ಹಳಿಯುತ್ತಿಲ್ಲ. 1938ರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋಗಿ ಗಾಯಾಳು ಸೈನಿಕರ ಸೇವೆ ಮಾಡಿದ ಡಾ. ಬಸು ಅವರೇ ಅದನ್ನು ನಮ್ಮ ದೇಶಕ್ಕೆ ತಂದವರು. ಆದರೆ ಮಗುವಿನ ವಿಷಯಕ್ಕೆ ಬಂದಾಗ ಅಧ್ಯಯನಗಳು ಏನು ಹೇಳಿವೆ ಕೇಳಿ.

2002ರಲ್ಲಿ ಜರ್ಮನಿಯಲ್ಲಿ ಐವಿಎಫ್ (ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಕೂಡಿಸುವ ಚಿಕಿತ್ಸೆ) ಮಾಡಿಸಿಕೊಳ್ಳುತ್ತಿದ್ದ 160 ಹೆಂಗಸರಲ್ಲಿ ಅರ್ಧ ಜನಕ್ಕೆ ಸೂಜಿ ಹಾಕಿದರು. ಅವರಲ್ಲಿ 34 ಮಂದಿ ಬಸಿರಾದರು, ಸೂಜಿ ಇಲ್ಲದ 80 ಮಂದಿಯಲ್ಲಿ 21. ಲೋಕವೆಲ್ಲ ಅದನ್ನು ನಂಬಿತು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 848 ಹೆಂಗಸರ ಮೇಲೆ ಇನ್ನೂ ಕಟ್ಟುನಿಟ್ಟಾಗಿ ನೋಡಿದರು. ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದಕ್ಕೆ ಚರ್ಮದೊಳಗೆ ಇಳಿಯದ ಸುಳ್ಳು ಸೂಜಿ. 2018ರಲ್ಲಿ ಫಲಿತಾಂಶ ಬಂತು: ಮಗು ಹೆತ್ತವರು ನಿಜ ಸೂಜಿಯಲ್ಲಿ ಶೇ. 18.3, ಸುಳ್ಳು ಸೂಜಿಯಲ್ಲಿ ಶೇ. 17.8. ಈ ವಿದ್ಯೆಯ ತವರಾದ ಚೀನಾದಲ್ಲೇ ಅಂಡ ಸರಿಯಾಗಿ ಬಿಡುಗಡೆಯಾಗದ ಪಿಸಿಒಎಸ್ ತೊಂದರೆ ಇರುವ 1000 ಹೆಂಗಸರನ್ನು ನೋಡಿದರು. 2017ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಅಂಡ ಬಿಡುಗಡೆ ಮಾಡಿಸುವ ಕ್ಲೋಮಿಫೀನ್ ಮಾತ್ರೆ ನುಂಗಿದವರಲ್ಲಿ ಹೆಚ್ಚು ಮಕ್ಕಳು ಹುಟ್ಟಿದವು. ಜೊತೆಗೆ ಸೂಜಿ ಹಾಕಿದ್ದರಿಂದ ಹೆಚ್ಚಿಗೆ ಏನೂ ಆಗಲಿಲ್ಲ.

ಮನಸ್ಸು ಹಗುರಾಗುತ್ತದೆ ಎಂದರೆ ಸೂಜಿ ಹಾಕಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಡಾಕ್ಟರಿಗೆ ತಿಳಿಸಿ, ನಡೆಯುತ್ತಿರುವ ಮಾತ್ರೆ ನಿಲ್ಲಿಸದೆ ಹಾಕಿಸಿಕೊಳ್ಳಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಬಂದರೆ ಹೆಪಟೈಟಿಸ್‌ನಂಥ ರೋಗ ಅಂಟಬಹುದು. 'ಮಾತ್ರೆ ಬಿಡಿ, ಸ್ಕ್ಯಾನ್ ಬೇಡ, ಗ್ಯಾರಂಟಿ ಮಗು' ಎಂದವರ ಮುಂದೆ ಇನ್ನೊಂದು ನಿಮಿಷವೂ ಕೂರಬೇಡಿ, ಎದ್ದು ಬನ್ನಿ. ಹೆಣ್ಣಿನ ಬಂಜೆತನ ವಾಸಿ ಮಾಡುತ್ತದೆ ಎಂದು ಔಷಧಿಗೆ ಜಾಹೀರಾತು ಹಾಕುವುದನ್ನು 1954ರಲ್ಲೇ ಕಾನೂನು ನಿಷೇಧಿಸಿದೆ. ಐವಿಎಫ್ ಕೇಂದ್ರದವರನ್ನೂ ಸುಮ್ಮನೆ ಬಿಡಬೇಡಿ, ಇಂಥ ಕೇಂದ್ರಗಳಿಗಾಗಿ ಬಂದ 2021ರ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳಿ.

ಹೆಣ್ಣು ಹುಟ್ಟುವಾಗಲೇ ತನ್ನ ಅಂಡಗಳನ್ನೆಲ್ಲ ಹೊತ್ತು ಬರುತ್ತಾಳೆ, ಆಮೇಲೆ ಹೊಸದು ಹುಟ್ಟುವುದಿಲ್ಲ. 35 ದಾಟಿದ ಮೇಲೆ ಅವು ಬೇಗ ಬೇಗ ಕರಗುತ್ತವೆ. ಆದ್ದರಿಂದ ಒಂದು ವರ್ಷ ಕೂಡಿ ಬಾಳಿಯೂ ಬಸಿರಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ವಯಸ್ಸು 35 ದಾಟಿದ್ದರೆ ಆರು ತಿಂಗಳು ಸಾಕು. ಮುಟ್ಟು ಏರುಪೇರಾಗಿದ್ದರೆ ಕಾಯಲೇಬೇಡಿ. ಗರ್ಭನಾಳ ಮುಚ್ಚಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ ಇದೆ. ನಮ್ಮ ಕಡೆ ಕೆಮ್ಮೇ ಇಲ್ಲದೆ ಕ್ಷಯ ಗರ್ಭನಾಳಕ್ಕೆ ಇಳಿದು ಅದನ್ನು ಮುಚ್ಚಿಬಿಡುವುದುಂಟು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ. ಯಾವ ಸೂಜಿಯೂ ಆ ನಾಳವನ್ನು ಬಿಡಿಸಲಾರದು.

ಅಣ್ಣಂದಿರೇ, ಇನ್ನು ನಿಮಗೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಗೆ ಚುಚ್ಚುವುದೂ ಇಲ್ಲ, ಕೊಯ್ಯುವುದೂ ಇಲ್ಲ. ಎರಡರಿಂದ ಏಳು ದಿನ ಸಂಗ ಬಿಟ್ಟು ಲ್ಯಾಬಿಗೆ ಹೋಗಿ ಒಂದು ಡಬ್ಬಿಯಲ್ಲಿ ಕೊಟ್ಟು ಬರುವುದು, ಅಷ್ಟೇ. ಕಡಿಮೆ ಬಂದರೆ ಗಂಡಸುತನಕ್ಕೆ ಕುಂದಲ್ಲ, ಇನ್ನೊಮ್ಮೆ ಮಾಡಿಸಿ ಡಾಕ್ಟರಿಗೆ ತೋರಿಸಿ. ನನ್ನ ಗಂಡ ಆ ಡಬ್ಬಿ ಹಿಡಿದು ಲ್ಯಾಬಿನ ಮುಂದೆ ಅರ್ಧ ಗಂಟೆ ನಿಂತಿದ್ದರು. ಒಳಗೆ ಹೋಗಿ ಬಂದವರು 'ಇದನ್ನು ಆರು ವರ್ಷದ ಹಿಂದೆಯೇ ಮಾಡಬೇಕಿತ್ತು' ಎಂದು ಅತ್ತರು.

ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ. ಹೆಂಡತಿಯನ್ನು ಒಬ್ಬಳನ್ನೇ ಕಳಿಸಬೇಡಿ, ಅತ್ತೆಯ ಜೊತೆಗೂ ಬೇಡ, ನೀವೇ ಹೋಗಿ. ಓದಿದ ಮೇಲೆ ಈ ಹಾಳೆಯನ್ನು ಬಿಸಾಡದೆ ಪಕ್ಕದ ಮನೆಯ ಸೊಸೆಗೂ ಅವಳ ಗಂಡನಿಗೂ ಕೊಡಿ.

— ಇದೇ ದಾರಿಯಲ್ಲಿ ನಡೆಯುತ್ತಿರುವ ಒಬ್ಬ ಹೆಣ್ಣುಮಗಳು